ಕೊಡ ತುಂಬಿಟ್ಟುಕೊಳ್ಳುವ ಮನೆ

2016ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತ ತಿರುಗಿದ ಆ ಗಂಡ ಹೆಂಡತಿಗೆ ಒಂದೊಂದು ಗೇಟಿನ ಮುಂದೆಯೂ ಅವೇ ಪ್ರಶ್ನೆ. ಯಾವ ಕಡೆಯವರು? ಯಾವ ಜನ? ಮನೆಯಲ್ಲಿ ಏನೇನು ಅಡುಗೆ ಮಾಡ್ತೀರಿ? ಅವನು ಗದಗ ಜಿಲ್ಲೆ ಮುಂಡರಗಿ ತಾಲೂಕಿನ ಡೋಣಿಯವನು, ಅವಳು ಸಾಗರದ ಸೀಮೆಯವಳು. ಜಾತಿ ಒಂದಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಡಿ ಅರ್ಜಿ ಹಾಕಿ, 30 ದಿನ ಕಚೇರಿಯ ಫಲಕದ ಮೇಲೆ ಇಬ್ಬರ ಹೆಸರೂ ನೇತಾಡಿದ ಮೇಲೆ ಸಹಿ ಮಾಡಿ ಮದುವೆಯಾದವರು. ಎರಡೂ ಮನೆಯ ಹಿರಿಯರು ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಮದುವೆಗೆ ಯಾರೂ ಬರಲಿಲ್ಲ ಅಷ್ಟೆ.

ಕೊನೆಗೆ ಚಂದ್ರಾ ಲೇಔಟಿನಲ್ಲಿ ಮೊದಲನೇ ಮಹಡಿಯ ಒಂದು ಮನೆ ಸಿಕ್ಕಿತು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್. ಇಬ್ಬರ ಉಳಿತಾಯವೂ ಅಲ್ಲಿಗೆ ಮುಗಿಯಿತು. ಸಾಮಾನು ಬಂದದ್ದು ಒಂದೇ ಟಾಟಾ ಏಸ್‌ನಲ್ಲಿ. ಅವಳ ಪಾಲಿನದು ಪುಸ್ತಕ, ಮಿಕ್ಸರ್, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. ಅವನ ಪಾಲಿನದು ಒಂದು ಮಂಚ, ಒಂದು ರೊಟ್ಟಿ ಹಂಚು ಮತ್ತು ಏಳೆಂಟು ಕೊಡಗಳು. ಕೊಡಗಳನ್ನು ನೋಡಿ ಅವಳು ನಕ್ಕಳು. ಒಬ್ಬನೇ ರೂಮಿನಲ್ಲಿದ್ದವನಿಗೆ ಇಷ್ಟೊಂದು ಕೊಡ ಯಾಕೆ? ಅವನು ಉತ್ತರ ಕೊಡಲಿಲ್ಲ. ಮೊದಲು ಅವನ್ನೇ ಇಳಿಸಿಕೊಂಡ, ಮೊದಲು ಅವನ್ನೇ ತೊಳೆದ, ಗ್ಯಾಸ್ ಒಲೆ ಹಚ್ಚುವ ಮೊದಲೇ ಅವನ್ನೆಲ್ಲ ತುಂಬಿಸಿಟ್ಟ.

ಹೊಸದಾಗಿ ಸಂಸಾರ ಹೂಡಿದವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ರುಚಿಯ ಜಗಳ ಹೇಳುತ್ತಾರೆ: ಅವಳಿಗೆ ಅನ್ನ, ಅವನಿಗೆ ರೊಟ್ಟಿ, ಅವಳಿಗೆ ತಂಬುಳಿ, ಅವನಿಗೆ ಶೇಂಗಾ ಚಟ್ನಿ. ಆ ಜಗಳ ಇಲ್ಲೂ ಇತ್ತು, ಬೇಗ ಮುಗಿಯಿತು. ವಿಜಯನಗರದ ಖಾನಾವಳಿಗಳಲ್ಲಿ ರೊಟ್ಟಿ ಸಿಗುತ್ತದೆ, ಅನ್ನ ಬೇಯಿಸುವುದಕ್ಕೆ ಕುಕ್ಕರ್ ಇದೆ. ಮುಗಿಯದೆ ಉಳಿದದ್ದು ನೀರಿನ ಮಾತು. ಅವಳು ಹಲ್ಲುಜ್ಜುವಾಗ ನಲ್ಲಿ ಬಿಟ್ಟೇ ಇರುತ್ತಿದ್ದಳು. ಅವನು ಒಳಗಿನಿಂದ ಎದ್ದು ಬಂದು, ಏನೂ ಹೇಳದೆ, ನಲ್ಲಿ ತಿರುಗಿಸಿ ಹೋಗುತ್ತಿದ್ದ. ಅಕ್ಕಿ ತೊಳೆದ ನೀರನ್ನು ಚೆಲ್ಲಲು ಹೋದರೆ ಪಾತ್ರೆ ಹಿಡಿಯುತ್ತಿದ್ದ. ಕೊಡಗಳಿಗೂ ಒಂದು ಕ್ರಮ: ನಿನ್ನೆ ತುಂಬಿದ್ದು ಮೊದಲು ಖರ್ಚಾಗಬೇಕು, ಇವತ್ತಿನದು ಹಿಂದೆ ಸರಿಯಬೇಕು, ಬಾಯಿಗೆ ಬಿಳಿ ಬಟ್ಟೆ ಕಟ್ಟಿರಬೇಕು. ಇದು ಜಿಪುಣತನವೋ, ಒಂಟಿಯಾಗಿದ್ದವನಿಗೆ ಹಿಡಿದ ಗೀಳೋ ಎಂದು ಅವಳಿಗೆ ತಿಳಿಯಲಿಲ್ಲ. ಕೇಳಿದರೆ, “ಊರಿಗೆ ಹೋದಾಗ ಗೊತ್ತಾಕ್ಕೈತಿ ಬಿಡು” ಅನ್ನುತ್ತಿದ್ದ.

ಊರಿಗೆ ಹೋಗುವ ಮೊದಲೇ ನೀರು ಬೇರೆ ದಾರಿಯಿಂದ ಮನೆಗೆ ಬಂತು. ಸೆಪ್ಟೆಂಬರ್ 5ರಂದು ತಮಿಳುನಾಡಿಗೆ ದಿನಕ್ಕೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ಕಾವೇರಿ ನೀರು ಬಿಡುವಂತೆ ಸುಪ್ರೀಂ ಕೋರ್ಟ್ ಹೇಳಿತ್ತು. 12ರಂದು ಅದನ್ನು 12,000 ಕ್ಯೂಸೆಕ್‌ಗೆ ಇಳಿಸಿ, 20ನೇ ತಾರೀಖಿನವರೆಗೆ ಬಿಡಿ ಎಂದಿತು. ಅಂದು ಮಧ್ಯಾಹ್ನ ಬೆಂಗಳೂರು ಹೊತ್ತಿಕೊಂಡಿತು. ಒಂದೇ ಡಿಪೋದಲ್ಲಿ ನಲವತ್ತಕ್ಕೂ ಹೆಚ್ಚು ಬಸ್ಸುಗಳು ಸುಟ್ಟವು. ಸಂಜೆಯ ಹೊತ್ತಿಗೆ ನಗರದ ಹದಿನಾರು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ಚಂದ್ರಾ ಲೇಔಟ್ ಅದರಲ್ಲಿ ಒಂದು. ಹಾಲಿಲ್ಲ, ತರಕಾರಿಯಿಲ್ಲ, ಬೀದಿಯಲ್ಲಿ ಪೊಲೀಸ್ ಜೀಪು ಬಿಟ್ಟರೆ ಸದ್ದಿಲ್ಲ. ಕೆಳಗಿನ ಮನೆಯಲ್ಲಿ ಮೋಟಾರು ಕೆಟ್ಟು, ರಿಪೇರಿಯವನು ಬರುವಂತಿರಲಿಲ್ಲ. ಮಾಲೀಕರ ಮಗಳು ಮೆಟ್ಟಿಲು ಹತ್ತಿ ಬಂದು, “ಅಕ್ಕಾ, ಒಂದು ಬಿಂದಿಗೆ ನೀರಿದ್ರೆ ಕೊಡ್ತೀರಾ?” ಎಂದು ಕೇಳಿದಳು. ಅವನು ಎರಡು ಕೊಡ ಹೊತ್ತು ಕೆಳಗಿಳಿದ. ಅಂದಿನಿಂದ ಆ ಮನೆಯ ಹಿರಿಯರು ಇವರ ಅಡುಗೆಯ ವಿಚಾರ ಮತ್ತೆ ಎತ್ತಲಿಲ್ಲ.

ಡೋಣಿಯಿಂದ ಕರೆ ಬಂದದ್ದು ನೋಟು ರದ್ದಾದ ಮೇಲೆ. ಅವ್ವ ಫೋನಿನಲ್ಲಿ ಮಗನ ಹತ್ತಿರ ಹೆಚ್ಚು ಮಾತಾಡಲಿಲ್ಲ. “ಎಳ್ಳ ಅಮಾಸಿಗೆ ಚರಗ ಚೆಲ್ಲಾಕ ಬರ್ರಿ. ಆಕಿನ್ನೂ ಕರಕೊಂಡ ಬಾ.” ಆಕಿನ್ನೂ ಎಂಬ ಆ ಒಂದು ಮಾತಿಗೆ ಅವನು ನಾಲ್ಕು ತಿಂಗಳಿಂದ ಕಾದಿದ್ದ. ಡಿಸೆಂಬರ್ ಕೊನೆಯ ವಾರ ಎಟಿಎಂ ಮುಂದೆ ಸರದಿ ನಿಂತು ತಂದ ಎರಡು ಸಾವಿರದ ಗುಲಾಬಿ ನೋಟುಗಳನ್ನು ಹಿಡಿದುಕೊಂಡು ಇಬ್ಬರೂ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರು. ನಸುಕಿನಲ್ಲಿ ಗದಗ. ಪ್ಲಾಟ್‌ಫಾರ್ಮಿನಲ್ಲಿ ಗೋಣಿಚೀಲ, ಒಲೆ, ಮಕ್ಕಳನ್ನು ಸುತ್ತ ಇಟ್ಟುಕೊಂಡು ಮಲಗಿದ್ದ ಲಂಬಾಣಿ ಕುಟುಂಬಗಳು. ಗೋವಾಕ್ಕೆ ಗುಳೆ ಹೊರಟವರು. ಬರದ ವರ್ಷ ಕಪ್ಪತಗುಡ್ಡದ ಸುತ್ತಲಿನ ತಾಂಡಾಗಳು ಹೀಗೆ ಖಾಲಿಯಾಗುತ್ತವೆ ಎಂದು ಅವನು ಹೇಳಿದ. ಆ ವರ್ಷ ರಾಜ್ಯದ 176 ತಾಲೂಕುಗಳಲ್ಲಿ 139ನ್ನು ಸರ್ಕಾರ ಬರಪೀಡಿತ ಎಂದು ಸಾರಿತ್ತು.

ಬೆಳಕು ಹರಿಯುವಾಗ ಗದುಗಿನ ಬೀದಿಯಲ್ಲಿ ಅವಳು ಕಂಡದ್ದು ತಳ್ಳುಗಾಡಿಗಳು. ತರಕಾರಿಯದಲ್ಲ, ಕೊಡಗಳದ್ದು. ಕಬ್ಬಿಣದ ಚೌಕಟ್ಟಿನಲ್ಲಿ ಕೊಡ ಕೂರುವಷ್ಟೇ ತೂತು ಮಾಡಿ, ಎರಡು ಸಾಲಾಗಿ ಜೋಡಿಸಿ, ಹೆಂಗಸರು, ಶಾಲೆಯ ಹುಡುಗರು, ಮುದುಕರು ತಳ್ಳುತ್ತ ಹೊರಟಿದ್ದರು. ಗದಗ-ಬೆಟಗೇರಿಯಲ್ಲಿ ನಳದ ನೀರಿಗೆ ವಾರ, ಹತ್ತು ದಿನ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಕಾಯುವುದು ಹಳೆಯ ಕಥೆ. ವೀರನಾರಾಯಣನ ಗುಡಿ, ಕುಮಾರವ್ಯಾಸ, ಭೀಮಸೇನ ಜೋಶಿ ಎಂದು ಪಠ್ಯದಲ್ಲಿ ಓದಿಕೊಂಡು ಬಂದಿದ್ದವಳಿಗೆ ಊರು ಮೊದಲು ತೋರಿಸಿದ್ದು ಈ ಗಾಡಿಗಳನ್ನು.

ಮುಂಡರಗಿ ಕಡೆಯ ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಾವಿರದ ನೋಟು ನೋಡಿ ಕೈ ಜೋಡಿಸಿದ. ಚಿಲ್ಲರೆ ಕೊಟ್ಟು ಟಿಕೀಟು ತೆಗೆಸಿದ್ದು ಹಿಂದಿನ ಸೀಟಿನ ಒಬ್ಬ ಹಿರಿಯರು. ಅವನ ಅಪ್ಪನ ಹೆಸರು ಹೇಳಿದ ಕೂಡಲೇ ಗುರುತು ಹಿಡಿದರು. ಎಡಬಲಕ್ಕೆ ಎರಿ ಹೊಲ, ಮಧ್ಯೆ ಮಧ್ಯೆ ಮಸಾರಿ ಭೂಮಿ, ಎದುರಿಗೆ ಗಾಳಿಯಂತ್ರಗಳನ್ನು ಹೊತ್ತ ಉದ್ದನೆಯ ಬೋಳು ಗುಡ್ಡ, ಕಪ್ಪತಗುಡ್ಡ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು ಎಂಬ ಮಾತು ಆ ಕಡೆ ಎಲ್ಲರ ಬಾಯಲ್ಲೂ ಇದೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆದವಳಿಗೆ ಅದು ಗಿರಿ ಅನ್ನಿಸಲಿಲ್ಲ. ಇಲ್ಲಿ ಕಾಡೆಲ್ಲಿದೆ ಎಂದು ಕೇಳಿಯೂಬಿಟ್ಟಳು. ಹಿರಿಯರು ಮುಖ ಸಣ್ಣದು ಮಾಡಲಿಲ್ಲ. “ಗಿಡಾ ಸಣ್ಣವು ಇರತಾವ್ರೀ ತಂಗಿ. ಎಲ್ಲಾ ಔಷಧಿ” ಎಂದರು.

ಮನೆಯ ಹೊಸ್ತಿಲಲ್ಲಿ ಅವ್ವ ಒಂದು ಚೊಂಬು ಹಿಡಿದು ನಿಂತಿದ್ದಳು. “ಕೈಕಾಲಿಗೆ ನೀರ ತಗೋ ಯವ್ವಾ” ಎಂದಳು. ಒಂದೇ ಚೊಂಬು. ಅದರಲ್ಲಿ ಇಬ್ಬರ ಕಾಲೂ ಮುಖವೂ ತೊಳೆದು, ಉಳಿದದ್ದು ಬಾಗಿಲ ಪಕ್ಕದ ತುಳಸಿಗೆ ಹೋಯಿತು. ಒಳಗೆ ಅಡುಗೆ ಮನೆಯ ಗೋಡೆಗುಂಟ ತಾಮ್ರದ ಹಂಡೆ, ಮಣ್ಣಿನ ಹರವಿ, ಹಿತ್ತಾಳೆಯ ಕೊಡ, ಪ್ಲಾಸ್ಟಿಕ್ ಕೊಡ, ಹಿತ್ತಲಲ್ಲಿ ನೀಲಿ ಬ್ಯಾರಲ್‌ಗಳು. ಒಂದೊಂದರ ಬಾಯಿಗೂ ಬಿಳಿ ಬಟ್ಟೆ. ಹಿಂದಿನದು ಮುಂದೆ, ಹೊಸದು ಹಿಂದೆ. ಚಂದ್ರಾ ಲೇಔಟಿನ ತನ್ನ ಅಡುಗೆ ಮನೆಯ ಮೂಲೆ ಇಲ್ಲಿ ಗೋಡೆಯುದ್ದಕ್ಕೂ ಹಬ್ಬಿದ್ದನ್ನು ಅವಳು ನೋಡಿದಳು. ಓಣಿಗೆ ನೀರು ಬಿಟ್ಟು ವಾರವಾಗಿತ್ತು. ಆ ರಾತ್ರಿ ಎರಡು ಗಂಟೆಗೆ ಯಾರೋ “ನೀರ ಬಂದಾವ!” ಎಂದು ಕೂಗಿದರು. ಓಣಿಯ ಮನೆಮನೆಯಲ್ಲೂ ದೀಪ ಹತ್ತಿದವು. ಮಾತಿಲ್ಲದೆ ಸಾಲು ಕಟ್ಟಿ, ಕೈಯಿಂದ ಕೈಗೆ ಕೊಡ ದಾಟಿಸಿ, ನಳ ಒಣಗುವುದರೊಳಗೆ ಎಲ್ಲ ತುಂಬಿದರು. ಅವಳೂ ಸಾಲಿನಲ್ಲಿ ನಿಂತಳು. ಅತ್ತೆ ಸೊಸೆಯ ನಡುವೆ ಬಿಗುವು ಸಡಿಲಾದದ್ದು ಆ ಹೊತ್ತಿನಲ್ಲಿ. ಎರಡೂ ಕೈಯಲ್ಲಿ ಕೊಡ ಹಿಡಿದವರಿಗೆ ಮುನಿಸು ಹಿಡಿದುಕೊಳ್ಳಲು ಕೈ ಉಳಿಯುವುದಿಲ್ಲ.

ಇನ್ನೊಂದು ಸಂಗತಿ ಅವಳಿಗೆ ಅಲ್ಲಿ ತಿಳಿಯಿತು. ಫೋಟೋ ತೆಗೆಯುವಾಗ ಅವನು ಬಾಯಿ ಮುಚ್ಚಿಯೇ ನಗುತ್ತಿದ್ದ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳಿದ್ದವು. ಚಹಾ, ಎಲೆಅಡಿಕೆ ಎಂದು ಅವಳು ತಿಳಿದಿದ್ದಳು. ಡೋಣಿಯಲ್ಲಿ ಅವನ ಕಾಕಾನ ಹಲ್ಲಿನಲ್ಲಿ, ಗೆಳೆಯರ ಹಲ್ಲಿನಲ್ಲಿ, ಕಟ್ಟೆಯ ಮೇಲೆ ಕುಳಿತ ಹುಡುಗರ ಹಲ್ಲಿನಲ್ಲಿ ಅವೇ ಗೆರೆ. ಮುಂಡರಗಿ ತಾಲೂಕಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು ಎನ್ನುತ್ತಾರೆ. ಮಗುವಿನ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಅಂಥ ನೀರು ಹೊಟ್ಟೆಗೆ ಹೋದರೆ ಕಲೆ ಹಲ್ಲಿನ ಹೊರಪದರಿನಲ್ಲೇ ಕೂರುತ್ತದೆ, ಆಮೇಲೆ ಯಾವ ಪೇಸ್ಟಿಗೂ ಹೋಗುವುದಿಲ್ಲ. ಹೆಚ್ಚು ವರ್ಷ ಕುಡಿದವರ ಎಲುಬು, ಕೀಲುಗಳೂ ಬಿಗಿಯುತ್ತವೆ. ಶುದ್ಧ ನೀರಿನ ಘಟಕಗಳು ಬಂದದ್ದು ಅವನ ಹಲ್ಲು ಬೆಳೆದು ಎಷ್ಟೋ ವರ್ಷದ ಮೇಲೆ. ಅಂದು ಸಂಜೆ ಅವಳು ಅವನ ಫೋಟೋ ತೆಗೆದಳು. ಬಾಯಿ ತೆರೆದು ನಗು ಅಂದಳು. ನಕ್ಕ. ಆ ಫೋಟೋ ಈಗಲೂ ಅವರ ಮನೆಯ ಗೋಡೆಯಲ್ಲಿದೆ.

ಅಮಾವಾಸ್ಯೆಯ ದಿನ ಚಕ್ಕಡಿಯಲ್ಲಿ ಹೊಲಕ್ಕೆ ಹೊರಟರು. ಸಜ್ಜಿ ರೊಟ್ಟಿ, ಜೋಳದ ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಮಡಿಕಿ ಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಎಳ್ಳು ಹೋಳಿಗೆ, ಮೊಸರನ್ನ. ಬುಟ್ಟಿಯ ಮೇಲೆ ಬಟ್ಟೆ ಕಟ್ಟಿ, ಎತ್ತುಗಳಿಗೆ ಝೂಲ ಹಾಕಿ. ಕಾಳು ಕಟ್ಟುವ ಹೊತ್ತಿನ ಬೆಳೆಯನ್ನು ಬಸುರಿಯೆಂದು ತಿಳಿದು ಬಯಕೆಯ ಊಟ ಕೊಡುವುದೇ ಚರಗ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡಿ, ಅಪ್ಪ ಊಟದ ತುತ್ತುಗಳನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತ ಹೋದರು, ಹಿಂದೆ ಒಬ್ಬ ಹುಡುಗ ನೀರು ಚಿಮುಕಿಸುತ್ತ. ಆ ವರ್ಷ ಬಿಳಿಜೋಳ ಮೊಣಕಾಲೂ ದಾಟಿರಲಿಲ್ಲ. ಬಿಳಿಚಿದ ಗರಿಗಳಿಗೂ ಅಪ್ಪ ಅಷ್ಟೇ ತುಂಬು ತುತ್ತು ಹಾಕಿದರು. ಕಡಲೆ ಮಾತ್ರ ಸ್ವಲ್ಪ ಹಸಿರಾಗಿತ್ತು. ಅವ್ವ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕಡಲೆಯ ಕುಡಿ ಚಿವುಟುವುದನ್ನು ಕಲಿಸಿದಳು. ಎಲೆಯ ಮೇಲಿನ ಹುಳಿ ಬೆರಳಿಗೆ ಅಂಟುತ್ತದೆ, ಉಗುರ ಸಂದಿಯಲ್ಲಿ ಚುರುಗುಟ್ಟುತ್ತದೆ. ಅವಳು ಬೆರಳು ನೆಕ್ಕಿದಾಗ ಎಲ್ಲರೂ ನಕ್ಕರು. ಮಂಜು ಬೀಳುವ ಕಾಲದಲ್ಲಿ ಗಿಡದ ಮೇಲೆ ಬಟ್ಟೆ ಹಾಸಿ, ನಸುಕಿನಲ್ಲಿ ಅದನ್ನೇ ಹಿಂಡಿ ಆ ಹುಳಿಯನ್ನು ಸೀಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ, ಹೊಟ್ಟೆನೋವಿಗೆ. ಬಟ್ಟೆ ಹಿಂಡಿಯಾದರೂ ನೀರನ್ನು ಸಂಪಾದಿಸುವ ಊರು ಅದು.

ಊಟದ ಮೇಲೆ ಅಪ್ಪ ಗುಡ್ಡದ ಕಡೆಗೆ ಕೈ ಮಾಡಿ ಮಾತು ತೆಗೆದರು. ಗುಡ್ಡದೊಳಗೆ ಬಂಗಾರ ಇದೆ, ಇದೇನು ಗುಟ್ಟಲ್ಲ. 1884ರ ಧಾರವಾಡ ಗೆಜೆಟಿಯರ್‌ನಲ್ಲಿ ಇಲ್ಲಿಯ ಹಳ್ಳಗಳ ಉಸುಕು ತೊಳೆದು ಬಂಗಾರದ ಕಣ ಹೆಕ್ಕುತ್ತಿದ್ದ ಜಾಲಗಾರರ ಮಾತು ಬರುತ್ತದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದೇ ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳ ಕುರಿತು 1874ರಲ್ಲೇ ಬರೆದಿದ್ದರು. ಹಳ್ಳದ ಉಸುಕು ತೊಳೆದವರು ಗುಡ್ಡವನ್ನು ಬಿಟ್ಟು ಹೋದರು. ಈಗ ಗಣಿಗಾರಿಕೆಗೆ ಬರುವವರು ಗುಡ್ಡವನ್ನೇ ತೊಳೆಯುತ್ತಾರೆ ಎಂಬುದು ಊರವರ ಅಂಜಿಕೆ. ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಬೀಳುವ ಸೀಮೆಯಲ್ಲಿ ಬಿದ್ದದ್ದನ್ನು ಹಿಡಿದು ಹಳ್ಳ, ಕೆರೆ, ಬಾವಿಗಳಿಗೆ ಇಳಿಸುವುದು ಆ ಕುರುಚಲು ಗುಡ್ಡ. 2015ರಲ್ಲಿ ಸರ್ಕಾರ 17,872 ಹೆಕ್ಟೇರನ್ನು ಸಂರಕ್ಷಿತ ಪ್ರದೇಶವೆಂದು ಸಾರಿತ್ತು. ಇವರು ಊರಿಗೆ ಬರುವ ಹಿಂದಿನ ತಿಂಗಳಷ್ಟೇ, 2016ರ ನವೆಂಬರ್‌ನಲ್ಲಿ, ಆ ಆದೇಶ ವಾಪಸಾಗಿತ್ತು. ಕಟ್ಟೆಯ ಮೇಲೂ ಹಿಟ್ಟಿನ ಗಿರಣಿಯಲ್ಲೂ ಅದೇ ಮಾತು. ಸೊಸೆ ಬೇರೆ ಜಾತಿಯವಳು ಎಂಬ ಸುದ್ದಿಗೆ ಹರಡಲು ಜಾಗವೇ ಇರಲಿಲ್ಲ.

ಆ ಆದೇಶ ಮರಳಿ ಬರಬೇಕೆಂದು 2017ರ ಫೆಬ್ರುವರಿಯಲ್ಲಿ ಗದುಗಿನಲ್ಲಿ ಅಹೋರಾತ್ರಿ ಧರಣಿ ನಡೆಯಿತು. ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ಕಪ್ಪತಗುಡ್ಡದ ನಂದಿವೇರಿ ಮಠದ ಶಿವಕುಮಾರ ಸ್ವಾಮೀಜಿ, ಹೋರಾಟಗಾರ ಎಸ್.ಆರ್. ಹಿರೇಮಠ, ರೈತರು, ಸಾಹಿತಿಗಳು ಕೂಡಿದರು. ಅವ್ವ ಓಣಿಯ ಹೆಂಗಸರ ಜೊತೆ ಹೋಗಿ ಕುಳಿತಳು. ಬೀದಿಯಲ್ಲಿ ರಾತ್ರಿ ಕಳೆದದ್ದು ಅವಳ ಜೀವನದಲ್ಲೇ ಮೊದಲು. ಏಪ್ರಿಲ್‌ನಲ್ಲಿ ಗುಡ್ಡಕ್ಕೆ ಸಂರಕ್ಷಿತ ಪ್ರದೇಶದ ಸ್ಥಾನ ಮರಳಿ ಸಿಕ್ಕಿತು. ಆ ಸುದ್ದಿಯನ್ನು ಅವ್ವ ಮಗನಿಗಿಂತ ಮೊದಲು ಸೊಸೆಗೆ ಫೋನ್ ಮಾಡಿ ಹೇಳಿದಳು.

ಸಾಗರದ ಮನೆ ಬಾಗಿಲು ತೆರೆದದ್ದು ಆ ಬೇಸಿಗೆಯಲ್ಲಿ. ಅಲ್ಲಿ ಅವನು ಕಂಗಾಲಾದ. ಗುಡ್ಡದ ಮೇಲಿನ ಅಬ್ಬಿಯಿಂದ ಪೈಪು ಎಳೆದಿದ್ದರು. ಮೇ ತಿಂಗಳಲ್ಲೂ ಅದು ಹಗಲೂ ರಾತ್ರಿ ಸಣ್ಣಗೆ ಸುರಿದು, ಬಚ್ಚಲ ತೊಟ್ಟಿ ತುಂಬಿ, ಅಡಿಕೆ ತೋಟಕ್ಕೆ ಹೋಗುತ್ತಿತ್ತು. ನಲ್ಲಿ ಎಲ್ಲಿದೆ ಎಂದು ಹುಡುಕಿದ, ನಲ್ಲಿಯೇ ಇರಲಿಲ್ಲ. ರಾತ್ರಿ ಆ ಸದ್ದಿಗೆ ನಿದ್ದೆ ಬರದೆ ಎದ್ದು ಹೋಗಿ, ಅದರ ಕೆಳಗೆ ಒಂದು ಕೊಡಪಾನ ಇಟ್ಟು ಬಂದ. ಬೆಳಿಗ್ಗೆ ಅಜ್ಜ ಅದನ್ನು ನೋಡಿ ನಗಲಿಲ್ಲ. ಮೊಮ್ಮಗಳ ಗಂಡನನ್ನು ಶರಾವತಿಯ ಹಿನ್ನೀರಿಗೆ ಕರೆದುಕೊಂಡು ಹೋದರು. ನೀರಿಳಿದಿತ್ತು. 1948ರಲ್ಲಿ ಕಟ್ಟಿದ ಮಡೆನೂರು ಅಣೆಕಟ್ಟೆ ಹೊರಗೆ ಎದ್ದು ಕಾಣುತ್ತಿತ್ತು. 1964ರ ಲಿಂಗನಮಕ್ಕಿ ಅದನ್ನೂ ನುಂಗಿತ್ತು. “ನಿಮ್ಮಲ್ಲಿ ನೀರಿಲ್ಲದೆ ಕಷ್ಟ. ನಮ್ಮ ಮನೆ, ಗದ್ದೆ, ಭೂತನ ಬನ ಎಲ್ಲ ನೀರಲ್ಲಿ ಹೋಯ್ತು ಮಾರಾಯ್ರೇ” ಎಂದರು ಅಜ್ಜ. ಅವಳು ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜುವುದರ ಹಿಂದೆ ಈ ಅಬ್ಬಿ ಇತ್ತು. ಮಳೆ ಜೋರಾದ ರಾತ್ರಿ ಅವಳು ಎದ್ದು ಕುಳಿತುಕೊಳ್ಳುವುದರ ಹಿಂದೆ ಈ ಹಿನ್ನೀರಿತ್ತು. ಬೆಂಗಳೂರಿನ ಆ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ತಿಂಗಳುಗಟ್ಟಲೆ ನೋಡಿದ್ದರು, ಇಷ್ಟು ತಿಳಿದಿರಲಿಲ್ಲ.

ಮರುದಿನ ವರದಾಮೂಲ. ಸಾಗರದಿಂದ ಕೆಲವೇ ಕಿಲೋಮೀಟರು. ಕೊಳದ ಮೆಟ್ಟಿಲ ಮೇಲೆ ನಿಂತು ಅವಳ ಅಪ್ಪಯ್ಯ ನದಿಯ ದಾರಿ ಹೇಳಿದರು: ಇಲ್ಲಿ ಹುಟ್ಟಿ, ಬನವಾಸಿ ಬಳಸಿ, ಹಾವೇರಿ ಸೀಮೆಯ ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ. ಮುಂದಿನದನ್ನು ಅಳಿಯ ಹೇಳಿದ. ಅಲ್ಲಿಂದ ಹೊಳೆ ಮುಂಡರಗಿ ತಾಲೂಕಿಗೆ ಬರುತ್ತದೆ, ಹಮ್ಮಿಗಿಯಲ್ಲಿ ಬ್ಯಾರೇಜು ಇದೆ, ಗದಗ-ಬೆಟಗೇರಿ ಕುಡಿಯುವ ನೀರು ಎತ್ತುವುದು ಅಲ್ಲಿಂದಲೇ. ತಳ್ಳುಗಾಡಿಯ ಕೊಡಗಳಲ್ಲಿ ಇದ್ದದ್ದರಲ್ಲಿ ಒಂದಿಷ್ಟು ಇಲ್ಲಿಯದು. ಮಾತು ಕಡಿಮೆಯ ಅಪ್ಪಯ್ಯ ಅಂದು ದಾರಿಯುದ್ದಕ್ಕೂ ಅಳಿಯನನ್ನು ಕೇಳುತ್ತಲೇ ಬಂದರು: ಹತ್ತು ದಿನಕ್ಕೊಮ್ಮೆ ಅಂದರೆ ದನಗಳಿಗೆ ಏನು ಮಾಡುತ್ತೀರಿ, ಬಟ್ಟೆ ಎಲ್ಲಿ ಒಗೆಯುತ್ತೀರಿ, ಬಾವಿ ಎಷ್ಟು ಆಳ.

2019ರ ಮೇ ತಿಂಗಳಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು. ಮಳೆಗಾಲದ ಹೊತ್ತಿಗೆ ಬೆಂಗಳೂರಿನ ಕುಡಿಯುವ ನೀರಿಗೆ ಲಿಂಗನಮಕ್ಕಿಯಿಂದ ಶರಾವತಿಯನ್ನು ತರುವ ಯೋಜನೆಯ ಮಾತು ಎದ್ದಿತು. ಸಾಗರದ ಹಿರಿಯ ಕಾದಂಬರಿಕಾರ ನಾ. ಡಿಸೋಜ ವಿರೋಧದ ಮುಂದಾಳತ್ವ ವಹಿಸಿದರು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್. ಅವಳಿಗೆ ಅದು ಸುಲಭದ ದಿನವಾಗಿರಲಿಲ್ಲ. ಆ ನೀರು ಬರಬೇಕಾದದ್ದು ತನ್ನದೇ ಬಾಡಿಗೆ ಮನೆಯ ಸಂಪ್‌ಗೆ. ಅಪ್ಪಯ್ಯ ಸಾಗರದ ಬೀದಿಯಲ್ಲಿ ನಿಂತಿದ್ದರು.

ಆ ವಾರ ಅವ್ವ ಚಂದ್ರಾ ಲೇಔಟಿನಲ್ಲೇ ಇದ್ದಳು, ಮೊಮ್ಮಗನನ್ನು ಎತ್ತಿಕೊಂಡು ಟಿ.ವಿ. ಮುಂದೆ. ಸುದ್ದಿ ಪೂರ್ತಿ ನೋಡಿದಳು. “ನಮ್ಮ ಗುಡ್ಡಾ ಕೇಳಿದ್ರು, ಈಗ ನಿಮ್ಮ ಹೊಳಿ ಕೇಳಾಕತ್ಯಾರ” ಎಂದಳು. ಆಮೇಲೆ ಸೊಸೆಗೆ, “ಬೀಗರಿಗೆ ಫೋನ್ ಹಚ್ಚಿಕೊಡು” ಎಂದಳು. ಮೊಮ್ಮಗನನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಗದುಗಿನ ಧರಣಿಯಲ್ಲಿ ಹೆಂಗಸರು ಹೇಗೆ ಪಾಳಿ ಹಚ್ಚಿಕೊಂಡು ಕೂತಿದ್ದರು, ಯಾವ ಊರವರು ಯಾವ ಹೊತ್ತಿಗೆ ಬರುತ್ತಿದ್ದರು ಎಲ್ಲ ಒಂದೊಂದಾಗಿ ಹೇಳಿದಳು. “ರಾತ್ರಿ ಹಗಲಿ ಕುಂದರೋದಾದರ ಅನ್ನ ಒಯ್ಯಬ್ಯಾಡ್ರಿ ಬೀಗರ, ಹಳಸತೈತಿ. ಕಟಕ ರೊಟ್ಟಿ ನಾ ಮಾಡಿ ಕಳಸ್ತೀನಿ. ಎಷ್ಟ ಮಂದಿ ಅದೀರಿ, ಅಷ್ಟ ಹೇಳ್ರಿ.”